ಕಿರುಬೆರಳಿನ ಸೇಡು

ಕಿರುಬೆರಳಿಗೆ ನಾನು ಯಾವತ್ತೂ ಕೆಲಸ ಕೊಟ್ಟೋನಲ್ಲ. ಸ್ಕೂಲಲ್ಲಿ ಎತ್ತಿ ತೋರಿಸಿ "ಮಿಸ್, ಒಂದಕ್ಕೆ" ಅನ್ನೋಕೆ, ಜಗಳ ಆದ್ರೆ ಟೂ ಬಿಡೋಕೆ, ಅಷ್ಟೇ. ಅದು ಬಡ್ಡಿ ಸಮೇತ ಸೇಡು ತೀರಿಸ್ಕೊಂಡಿದ್ದು ಗಿಟಾರ್ ಹೀರೋ 2 ಅನ್ನೋ ವಿಡಿಯೋ ಗೇಮಲ್ಲಿ.

2006ರ ನವೆಂಬರಲ್ಲಿ ಟಿವಿಗೆ ಹಚ್ಚಿ ಆಡೋ ಪ್ಲೇಸ್ಟೇಷನ್ 2ಗೆ ಈ ಆಟ ಬಂತು, ನಾನಾಗ ಅಮೆರಿಕದಲ್ಲಿ ಎಂಎಸ್ ಮಾಡ್ತಿದ್ದೆ, ರೂಮ್‌ಮೇಟ್ ಒಂದು ಉದ್ದದ ಡಬ್ಬ ಹೊತ್ಕೊಂಡು ಬಂದ, ಒಳಗೆ ಗಿಬ್ಸನ್ ಎಸ್‌ಜಿ ಅನ್ನೋ ಎಲೆಕ್ಟ್ರಿಕ್ ಗಿಟಾರಿನ ಆಕಾರದ ಕೆಂಪು ಪ್ಲಾಸ್ಟಿಕ್ ಗಿಟಾರ್, ತಂತಿ ಒಂದೂ ಇಲ್ಲ! ಕತ್ತಿನ ಮೇಲೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಅಂತ ಐದು ಬಟನ್, ಮೀಟೋ ಜಾಗದಲ್ಲಿ ಟಕ್ ಟಕ್ ಅನ್ನೋ ಒಂದು ಪಟ್ಟಿ. ಟಿವಿಲಿ ಬಣ್ಣದ ಬಿಲ್ಲೆಗಳು ಇಳಿದು ಬರ್ತಾವೆ, ಗೆರೆ ಮುಟ್ಟೋ ಹೊತ್ತಿಗೆ ಆ ಬಣ್ಣ ಒತ್ತಿ ಪಟ್ಟಿ ಮೀಟಬೇಕು, ತಪ್ಪಿದ್ರೆ ಗಿಟಾರ್ ಸದ್ದು ಮಾಯ, ಜಾಸ್ತಿ ತಪ್ಪಿದ್ರೆ ಜನ ಕೂಗಿ ಸ್ಟೇಜಿಂದ ಇಳಿಸ್ತಾರೆ.

ಆಟದ ಮೊದಲ ಹಂತ ಈಸಿಲಿ ಮೂರೇ ಬಟನ್, ಸಂಸಾರ ಸುಖವಾಗಿತ್ತು. ಮೀಡಿಯಮ್ಮಲ್ಲಿ ನೀಲಿ ಸೇರ್ಕೊಂಡು ಕಿರುಬೆರಳು ನಡುಗೋಕೆ ಶುರು. ಹಾರ್ಡಲ್ಲಿ ಕಿತ್ತಳೇನೂ ಬಂತು. ಐದು ಬಟನ್, ನಾಲ್ಕು ಬೆರಳು, ಇನ್ನು ಹೆಬ್ಬೆರಳು ಜಮೀನ್ದಾರನ ಥರ ಹಿಂದೆ ಕತ್ತು ಹಿಡ್ಕೊಂಡು ಕೂತಿರುತ್ತೆ, ಕೈಯನ್ನೇ ಜಾರಿಸ್ಬೇಕು, ಜಾರಿಸಿದ್ರೆ ವಾಪಸ್ ಹಸಿರು ಸಿಗಲ್ಲ.

ಮೊದಲನೇ ಆಟದಲ್ಲಿ ಇಲ್ದೇ ಇದ್ದ ಪ್ರಾಕ್ಟಿಸ್ ಮೋಡ್ ಇದರಲ್ಲಿತ್ತು, ಅದೇ ನನ್ನನ್ನ ಕಾಪಾಡಿದ್ದು. ಕಷ್ಟದ ತುಂಡನ್ನ ಮಾತ್ರ ಆರಿಸ್ಕೊಂಡು ನಿಧಾನ ಮಾಡಿ ಮತ್ತೆ ಮತ್ತೆ ನುಡಿಸ್ಬಹುದು. (ನುಡಿಸೋದು ಅನ್ಬೇಕಾ ಒತ್ತೋದು ಅನ್ಬೇಕಾ ಅಂತ ಇವತ್ತಿಗೂ ಗೊತ್ತಾಗಿಲ್ಲ, ಆ ಹಾಡುಗಳಲ್ಲಿ ಹೆಚ್ಚಿನವೇ ಬೇರೆಯವರು ನುಡಿಸಿದ ಕವರ್.)

ಮುಂದಿನ ಬೇಸಿಗೆಲಿ ಅಮ್ಮ ಬಂದ್ಲು. ಅಡುಗೆಮನೆಗೆ ಹಾಡಿಗಿಂತ ಟಕ ಟಕಾನೇ ಜಾಸ್ತಿ ಕೇಳೋದು, ಒಂದಿನ ಹಿಟ್ಟಿನ ಕೈಲೇ ಬಂದು ನಿಂತ್ಲು. "ಮೊದಲನೇ ಕಾಲ, ಎರಡನೇ ಕಾಲ ಅಂತ ವೇಗ ಏರಿಸ್ಕೊಂಡು ಇಷ್ಟು ಶ್ರದ್ಧೆಯಿಂದ ಕೂರೋನು ಸರಳೆ ವರಸೆ ಮುಗಿಯೋ ಮುಂಚೆ ನನ್ನ ವೀಣೆ ಪಾಠದಿಂದ ಯಾಕೋ ಓಡಿ ಹೋದೆ? ವೀಣೇಲಿ ತಾಳದ ತಂತಿ ಮೀಟೋದೇ ಕಿರುಬೆರಳು ಕಣೋ."

ಅದು ಬಲಗೈದು, ನನಗೆ ಬೇಕಾಗಿರೋದು ಎಡಗೈದು ಅಂತ ವಾದ ಮಾಡ್ದೆ. ಆಟದಲ್ಲಿ ಎಡಚರಿಗೆ ಕೈ ಅದಲು ಬದಲು ಮಾಡ್ಕೊಂಡು ಆಡೋ ಲೆಫ್ಟಿ ಫ್ಲಿಪ್ ಇದೆ ಅನ್ನೋದು ಹೇಳಲಿಲ್ಲ.

ಅಮ್ಮ ಕೈ ತೊಳ್ಕೊಂಡು ಬಂದು ಚಕ್ಕಂಬಕ್ಕಳ ಹಾಕಿ ಗಿಟಾರನ್ನ ಅಡ್ಡ ಮಲಗಿಸ್ಕೊಂಡ್ಲು. ಪಟ್ಟಿ ಕೆಳಗೂ ಮೇಲಕ್ಕೂ ಎರಡೂ ಕಡೆ ಕೆಲಸ ಮಾಡುತ್ತೆ. ಬಲಗೈ ಕಿರುಬೆರಳಿನ ಉಗುರಲ್ಲಿ ಮೇಲಕ್ಕೆ ಟಕ್, ಟಕ್, ಟಕ್, ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ಬಣ್ಣ ಮಾತ್ರ ಒಂದೂ ಒತ್ತಲಿಲ್ಲ. ಜನ ಕೂಗಿ ಇಳಿಸಿದ್ರು.

"ತಾಳ ಗೊತ್ತಿಲ್ದೇ ಇರೋ ಜನ," ಅಂದು ಚಪಾತಿ ಲಟ್ಟಿಸೋಕೆ ಹೋದ್ಲು.