ಅನುಮಾನದ ಸಿಲಬಸ್

ಮಾಲ್‌ವೇರ್, ಅಂದರೆ ಕೇಡು ಮಾಡುವ ಪ್ರೋಗ್ರಾಂಗಳನ್ನು ಪತ್ತೆ ಹಚ್ಚುವ ವಿದ್ಯೆ ಕಲಿಯಲು ಹೊರಟವನ ಮೇಲೆ ಮೊದಲು ಅನುಮಾನ ಪಡುವುದು ಅವನದೇ ಆಂಟಿವೈರಸ್. ಸರ್ಟಿಫಿಕೇಶನ್ ಪರೀಕ್ಷೆಗೆಂದು ಒಂದು ಫೋಲ್ಡರ್ ಮಾಡಿ ಅಚ್ಚುಕಟ್ಟಾಗಿ ನೋಟ್ಸ್ ಬರೆದಿಟ್ಟುಕೊಳ್ಳುತ್ತಿದ್ದೆ. ಸರ್ವರ್‌ಗಳೊಳಗೆ ಕಳ್ಳರು ತೂರಿಸುವ ವೆಬ್‌ಶೆಲ್ ಎಂಬ ಕಳ್ಳಬಾಗಿಲು, ಪಿಎಚ್‌ಪಿ ಭಾಷೆಯ ಒಂದೇ ಸಾಲಿನದು, ಹೇಗಿರುತ್ತದೆ ಎಂದು ಉದಾಹರಣೆ ಬರೆದು, ಕೆಳಗೆ ‘ಇದನ್ನು ಗುರುತಿಸುವುದು ಹೇಗೆ’ ಎಂಬ ವಿವರಣೆಯನ್ನೂ ಕೊಟ್ಟಿದ್ದೆ. ಆಂಟಿವೈರಸ್ ಅದನ್ನು ಗುರುತಿಸಿಯೇ ಬಿಟ್ಟಿತು. ಉದಾಹರಣೆ, ವಿವರಣೆ, ಅಂಚಿನಲ್ಲಿ ‘ಬಹಳ ಮುಖ್ಯ’ ಎಂದು ಬರೆದದ್ದು, ಎಲ್ಲ ಸೇರಿ ಇಡೀ ಫೈಲು ಕ್ವಾರಂಟೈನ್‌ಗೆ ಹೋಯಿತು. ಪರೀಕ್ಷೆ ಅದಕ್ಕೇ ಇಟ್ಟಿದ್ದರೆ ಆವತ್ತೇ ಪಾಸಾಗುತ್ತಿತ್ತು.

ಹೋಗಲಿ, ಅಭ್ಯಾಸಕ್ಕೆಂದೇ ಒಂದು ಸಾಧು ಫೈಲ್ ಇದೆಯಲ್ಲ, ಐಕಾರ್ ಟೆಸ್ಟ್ ಫೈಲ್, ಅದನ್ನು ಹಿಡಿದುಕೊಂಡೆ. ಬರೀ 68 ಅಕ್ಷರ. ಯಾರಿಗೂ ಯಾವ ತೊಂದರೆಯೂ ಇಲ್ಲ. ಹಳೆಯ ಡಾಸ್‌ನಲ್ಲಿ ಓಡಿಸಿದರೆ, ತಾನು ಆಂಟಿವೈರಸ್ ಟೆಸ್ಟ್ ಫೈಲ್ ಎಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತದೆ. ಆದರೂ ಇದನ್ನು ಕಂಡರೆ ನಿಜವಾದ ವೈರಸ್ ಕಂಡ ಹಾಗೇ ಬೊಬ್ಬೆ ಹೊಡೆಯಬೇಕು ಎಂದು ಆಂಟಿವೈರಸ್ ತಯಾರಿಸುವವರೆಲ್ಲ ಒಪ್ಪಿಕೊಂಡಿದ್ದಾರೆ. ಮನೆಯವರೆಲ್ಲ ಬಳಸುವ ಕಂಪ್ಯೂಟರ್‌ನಲ್ಲಿ ಅದನ್ನು ಸೇವ್ ಮಾಡಿದ ಮರುಕ್ಷಣವೇ ಕೆಂಪು ಪೆಟ್ಟಿಗೆಯೊಂದು ಎದ್ದು ನಿಂತಿತು. ನೋಡಿದವಳು ನನ್ನ ಹೆಂಡತಿ.

“ರೀ, ನಿಮ್ಮ ಪರೀಕ್ಷೆಗೋಸ್ಕರ ಇದಕ್ಕೆ ವೈರಸ್ ಹತ್ತಿಸಿದ್ರಾ?”

“ಇದು ವೈರಸ್ ಅಲ್ಲ ಕಣೇ. ವೈರಸ್ ಅಂತ ಎಲ್ಲಾರೂ ಸೇರಿ ಒಪ್ಕೊಂಡಿರೋ ಫೈಲು.”

ಇಷ್ಟು ಹೇಳಿದ ಮೇಲೆ ನನಗೂ ಅದು ಸಮಾಧಾನ ಕೊಡುವ ಉತ್ತರ ಅನ್ನಿಸಲಿಲ್ಲ.

ಈ ಲೋಕದ ಸಂಪ್ರದಾಯಗಳೇ ವಿಚಿತ್ರ. ಸಂಶೋಧಕರು ಮಾಲ್‌ವೇರ್ ಮಾದರಿಗಳನ್ನು ಒಬ್ಬರಿಗೊಬ್ಬರು ಕಳಿಸುವಾಗ, ದಾರಿಯಲ್ಲಿ ಯಾವ ಆಂಟಿವೈರಸ್ಸೂ ಕೈ ಹಾಕದಿರಲಿ ಎಂದು ಜಿಪ್ ಮಾಡಿ ಪಾಸ್‌ವರ್ಡ್ ಹಾಕುತ್ತಾರೆ. ಆ ಪಾಸ್‌ವರ್ಡ್ ‘ಇನ್‌ಫೆಕ್ಟೆಡ್’. ಬಹುತೇಕ ಎಲ್ಲರದ್ದೂ ಅದೇ. ಊರವರಿಗೆಲ್ಲ ಹನ್ನೆರಡು ಅಕ್ಷರ, ಒಂದು ಅಂಕಿ, ಒಂದು ವಿಶೇಷ ಚಿಹ್ನೆ ಎಂದು ಉಪದೇಶ ಮಾಡುವವರು ಇವರೇ!

ಪಠ್ಯವೇನೋ ರುಚಿಯಾಗಿಯೇ ಶುರುವಾಯಿತು. ಮೊದಲು ಸಿಗ್ನೇಚರ್: ಗೊತ್ತಿರುವ ಕಳ್ಳನ ಬೆರಳಚ್ಚು ಇಟ್ಟುಕೊಂಡು ಹೋಲಿಸುವುದು. ಫೈಲಿನಲ್ಲಿ ಒಂದೇ ಒಂದು ಬೈಟ್ ಬದಲಾದರೂ ಅದರ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಗುರುತಿನ ಸಂಖ್ಯೆ) ಪೂರ್ತಿ ಬದಲಾಗಿಬಿಡುವುದರಿಂದ, ಬರೀ ಹ್ಯಾಶ್ ನಂಬಿ ಕೂತವನಿಗೆ ಟೋಪಿ ಹಾಕುವುದು ಸುಲಭ. ಹಾಗಾಗಿ ಮುಂದಿನದು ನಡವಳಿಕೆ ನೋಡುವುದು. ಅನುಮಾನದ ಫೈಲನ್ನು ಸ್ಯಾಂಡ್‌ಬಾಕ್ಸ್ ಎಂಬ ಏಕಾಂತ ಕೋಣೆಯಲ್ಲಿ ಓಡಿಸಿ ಕಾಯಬೇಕು. ಚಾಲಾಕಿ ಮಾಲ್‌ವೇರ್‌ಗಳು ಅಲ್ಲಿಯೂ ಸುತ್ತ ಕಣ್ಣಾಡಿಸುತ್ತವೆ: ಮೌಸ್ ಅಲ್ಲಾಡುತ್ತಿದೆಯೇ, ಇದು ನಿಜವಾದ ಕಂಪ್ಯೂಟರೇ ಅಥವಾ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ನಕಲಿ ಕಂಪ್ಯೂಟರಾದ ವರ್ಚುವಲ್ ಮೆಷಿನ್ನೇ? ಗುಮಾನಿ ಬಂದರೆ ಗಪ್‌ಚಿಪ್ ಮಲಗಿಬಿಡುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ತುಂಬಾ ಹಿಡಿಸಿದ್ದು ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್. 1984ರ ತಮ್ಮ ಪ್ರಬಂಧದಲ್ಲಿ ಅವರು ಒಂದು ತಮಾಷೆಯ ತರ್ಕ ಹೂಡಿದ್ದಾರೆ. ಎಲ್ಲ ವೈರಸ್ಸನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಂ ಇದೆ ಎಂದಿಟ್ಟುಕೊಳ್ಳಿ. ಇನ್ನೊಂದು ಪ್ರೋಗ್ರಾಂ ಅದರ ಬಳಿ ಹೋಗಿ “ನಾನು ವೈರಸ್ಸಾ?” ಎಂದು ಕೇಳುತ್ತದೆ. “ಹೌದು” ಎಂದರೆ ಸಭ್ಯವಾಗಿ ಸುಮ್ಮನಿರುತ್ತದೆ. “ಅಲ್ಲ” ಎಂದರೆ ಹರಡಲು ಶುರು ಮಾಡುತ್ತದೆ. ಅಲ್ಲಿಗೆ ಪತ್ತೇದಾರನ ಕಥೆ ಮುಗಿಯಿತು; ಏನು ಹೇಳಿದರೂ ಅವನು ಹೇಳಿದ್ದೇ ಸುಳ್ಳು. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಈ ಪ್ರಮೇಯಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ನನಗಂತೂ ಇದರಲ್ಲಿ ವೈಯಕ್ತಿಕ ಸಮಾಧಾನವೂ ಸಿಕ್ಕಿತು: ನೂರಕ್ಕೆ ನೂರು ಸಾಧ್ಯವೇ ಇಲ್ಲ ಎಂದು ಗಣಿತದಿಂದಲೇ ಸಾಬೀತಾದ ವಿಷಯದಲ್ಲಿ ನಾನು ಪರೀಕ್ಷೆ ಬರೆಯುತ್ತಿದ್ದೆ.

ಹೆಸರುಗಳು ಮಾತ್ರ ಪ್ರಾಣ ತಿಂದವು. 2008ರಲ್ಲಿ ಬಂದ ಕಾನ್‌ಫಿಕರ್ ಎಂಬ ವರ್ಮ್‌ಗೆ (ತಾನೇ ತನ್ನ ನಕಲು ಮಾಡಿಕೊಂಡು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡುವ ಮಾಲ್‌ವೇರ್) ಡೌನಾಡಪ್ ಎಂದೂ ಕಿಡೋ ಎಂದೂ ಹೆಸರು. ಕಂಪನಿಗೊಂದು ನಾಮಕರಣ. ದಾಳಿಕೋರರ ತಂಡಗಳದ್ದು ಇನ್ನೂ ಕಷ್ಟ. ಒಂದು ತಂಡವನ್ನೇ ತೆಗೆದುಕೊಳ್ಳಿ: ಎಪಿಟಿ 29 ಎಂದರೂ ಅವರೇ, ಕೋಝಿ ಬೇರ್ ಎಂದರೂ ಅವರೇ, ಮಿಡ್‌ನೈಟ್ ಬ್ಲಿಝರ್ಡ್ ಎಂದರೂ ಅವರೇ. ಒಬ್ಬರ ಲೆಕ್ಕದಲ್ಲಿ ಕರಡಿ, ಮತ್ತೊಬ್ಬರ ಲೆಕ್ಕದಲ್ಲಿ ಹಿಮಗಾಳಿ. ರಾತ್ರಿ ನಿದ್ದೆಯಲ್ಲಿ ನಾನು “ಕರಡಿ, ಕರಡಿ” ಎಂದು ಬಡಬಡಿಸಿದೆನಂತೆ.

ಓದು ತಲೆಗೆ ಹತ್ತಿದಂತೆ ಮನೆಯ ನೆಮ್ಮದಿ ಇಳಿಯತೊಡಗಿತು. 2000ದ ಮೇ 4ರಂದು ಹರಡಿದ ‘ಐ ಲವ್ ಯೂ’ ವರ್ಮ್ ಜಗತ್ತನ್ನು ಬೇಸ್ತು ಬೀಳಿಸಿದ್ದು ಜೋಡಿ ಬಾಲದಿಂದ. ಹೆಸರಿನ ಕೊನೆಯಲ್ಲಿ ಬರೀ ಬರಹದ ಫೈಲಿನ ‘ಟಿಎಕ್ಸ್‌ಟಿ’, ಅದರ ಹಿಂದೆ ಓಡುವ ಪ್ರೋಗ್ರಾಂನ ‘ವಿಬಿಎಸ್’. ವಿಂಡೋಸ್ ಕೊನೆಯ ಬಾಲವನ್ನು ಮುಚ್ಚಿಡುತ್ತಿದ್ದುದರಿಂದ ಜನ ಅದನ್ನು ಪ್ರೇಮಪತ್ರವೆಂದೇ ತೆರೆದರು. ಇದನ್ನು ಓದಿದ ದಿನವೇ ಮನೆಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಬಾಲ ಕಾಣುವಂತೆ ಸೆಟ್ಟಿಂಗ್ ಬದಲಿಸಿದೆ. ಮಗನ ಫೈಲಿನ ಹೆಸರಿನಲ್ಲಿ ‘ಫೈನಲ್’ ಆದ ಮೇಲೆ ಒಂದು ಚುಕ್ಕಿ, ಮತ್ತೆ ‘ಫೈನಲ್’, ಮತ್ತೊಂದು ಚುಕ್ಕಿ, ‘ಇದೇ ಫೈನಲ್’ ಎಂದಿತ್ತು. ನಾನು ಅದನ್ನು ಹ್ಯಾಶ್ ತೆಗೆದು, ಎಂಟ್ರೊಪಿ (ಒಳಗಿನ ಬೈಟ್‌ಗಳು ಎಷ್ಟು ಅಡ್ಡಾದಿಡ್ಡಿಯಾಗಿವೆ ಎಂಬುದು) ಲೆಕ್ಕ ಹಾಕಿ, ನಿಜಕ್ಕೂ ಶಾಲೆಯ ಪ್ರಾಜೆಕ್ಟ್ ಎಂದು ಖಾತ್ರಿ ಮಾಡಿಕೊಳ್ಳುವ ಹೊತ್ತಿಗೆ ಅದನ್ನು ಒಪ್ಪಿಸುವ ಗಡುವು ದಾಟಿತ್ತು.

ಮನೆಯವರು ನನ್ನ ಮಾತಿಗೆ ಬೆಲೆ ಕೊಡುವುದನ್ನು ನಿಲ್ಲಿಸಿದ್ದು ಅದೇ ಸುಮಾರಿಗೆ. ಇದಕ್ಕೂ ಪಠ್ಯದಲ್ಲೇ ಲೆಕ್ಕವಿದೆ ಎಂಬುದು ಗಾಯದ ಮೇಲಿನ ಬರೆ. ಒಂದು ಲಕ್ಷ ಫೈಲುಗಳಲ್ಲಿ 100 ಮಾತ್ರ ದುಷ್ಟ ಎಂದುಕೊಳ್ಳೋಣ. ನೂರಕ್ಕೆ 99 ಸಲ ಸರಿ ಹೇಳುವ ಪತ್ತೇದಾರ ಪ್ರೋಗ್ರಾಂ ಅವುಗಳಲ್ಲಿ 99ನ್ನು ಹಿಡಿಯುತ್ತದೆ. ಭೇಷ್! ಆದರೆ ಉಳಿದ 99,900 ಸಾಧು ಫೈಲುಗಳಲ್ಲಿ ನೂರಕ್ಕೆ ಒಂದರಂತೆ 999ರ ಮೇಲೆ ಸುಮ್ಮಸುಮ್ಮನೆ ಗೂಬೆ ಕೂರಿಸುತ್ತದೆ. ಒಟ್ಟು 1,098 ಕೂಗುಗಳಲ್ಲಿ ನಿಜವಾದದ್ದು 99. ಅಂದರೆ ಶೇಕಡಾ 9. ನೂರಕ್ಕೆ 99 ಅಂಕದ ಬುದ್ಧಿವಂತನ ಗತಿಯೇ ಇದಾದರೆ, ಇನ್ನೂ ಅರ್ಧ ಸಿಲಬಸ್ ಬಾಕಿಯಿದ್ದ ನನ್ನ ಕೂಗಿನ ಗತಿ ಏನು? 2010ರ ಏಪ್ರಿಲ್‌ನಲ್ಲಿ ಮೆಕಾಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅಂಗವೇ ಆದ ಎಸ್‌ವಿಸಿಹೋಸ್ಟ್ ಫೈಲನ್ನು ವೈರಸ್ ಎಂದು ಹಿಡಿದು, ಎಷ್ಟೋ ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವ ಹಾಗೆ ಮಾಡಿತ್ತು. ಇದನ್ನು ನಾನು ನನ್ನ ಪರವಾದ ವಾದವಾಗಿ ಹೆಂಡತಿಗೆ ಹೇಳಿದೆ. “ಅವರು ಮಾರನೇ ದಿನ ತಿದ್ದಿಕೊಂಡಿರ್ತಾರೆ ಬಿಡಿ” ಎಂದಳು.

ಪರೀಕ್ಷೆ ಹತ್ತಿರ ಬಂದರೂ ಹಾಲ್ ಟಿಕೆಟ್ಟಿನ ಸುಳಿವಿಲ್ಲ. ಕೊನೆಗೆ ಸಿಕ್ಕಿದ್ದು ಸ್ಪ್ಯಾಮ್ ಫೋಲ್ಡರಿನಲ್ಲಿ. ‘ತುರ್ತು’ ಎಂಬ ಶೀರ್ಷಿಕೆ, ‘ಪ್ರಿಯ ಅಭ್ಯರ್ಥಿಯೇ’ ಎಂಬ ಸಂಬೋಧನೆ, ಇಷ್ಟು ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತದಿದ್ದರೆ ನೋಂದಣಿ ರದ್ದು ಎಂಬ ಬೆದರಿಕೆ, ಕಳಿಸಿದ ವಿಳಾಸ ಸಂಸ್ಥೆಯದ್ದಲ್ಲದ ಇನ್ಯಾವುದೋ ಡೊಮೇನ್. ಫಿಶಿಂಗ್ ಎಂಬ ಮೋಸದ ಮೇಲ್ ಗುರುತಿಸುವುದು ಹೇಗೆ ಎಂದು ಅವರೇ ಕೊಟ್ಟ ಪಾಠದ ಅಷ್ಟೂ ಲಕ್ಷಣಗಳನ್ನು ಅವರೇ ಒಂದು ಮೇಲ್‌ನಲ್ಲಿ ಕೂಡಿಸಿದ್ದರು. ಫಿಲ್ಟರ್‌ನದು ಏನೂ ತಪ್ಪಿಲ್ಲ. ನಾನಾದರೂ ಅಲ್ಲಿಗೇ ಹಾಕುತ್ತಿದ್ದೆ.

ಅಸಲಿ ಪರೀಕ್ಷೆ ಆಮೇಲೆ. ಮನೆಯಿಂದಲೇ ಬರೆಯಬಹುದಾದದ್ದರಿಂದ ಅವರು ಕೊಟ್ಟ ಕಾವಲು ಪ್ರೋಗ್ರಾಂ ಹಾಕಿಕೊಳ್ಳಬೇಕಿತ್ತು. ಅದಕ್ಕೆ ಏನೇನು ಬೇಕೆಂದು ಓದಿದೆ. ಕ್ಯಾಮೆರಾ ಬೇಕು, ಮೈಕ್ ಬೇಕು, ಪರದೆಯ ಮೇಲೆ ಕಾಣುವುದೆಲ್ಲ ರೆಕಾರ್ಡ್ ಆಗಬೇಕು. ಯಾವ ಯಾವ ಪ್ರೋಗ್ರಾಂ ಓಡುತ್ತಿವೆ ಎಂದು ಪಟ್ಟಿ ಮಾಡಿ, ತನಗಾಗದವನ್ನು ಮುಚ್ಚಿಸುವ ಅಧಿಕಾರ ಬೇಕು. ಕಂಪ್ಯೂಟರ್ ನಿಜವಾದದ್ದೇ ಅಥವಾ ವರ್ಚುವಲ್ ಮೆಷಿನ್ನೇ ಎಂದು ನೋಡಿಕೊಂಡು, ಎರಡನೆಯದಾದರೆ ಓಡುವುದಿಲ್ಲವೆಂದು ಹಟ ಹಿಡಿಯುತ್ತದೆ. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ ಇದು.

ನನ್ನ ಆಂಟಿವೈರಸ್ ಅಡ್ಡ ನಿಂತಿತು. ಆ ಕ್ಷಣದಲ್ಲಿ ಅದರ ಮೇಲೆ ನನಗೆ ಹುಟ್ಟಿದ ಗೌರವ ಹೇಳತೀರದು. ನೋಟ್ಸ್ ನುಂಗಿದ್ದನ್ನೂ ಮನ್ನಿಸಿದೆ. ಸಹಾಯ ಪುಟ ತೆರೆದರೆ ಪರಿಹಾರ ಹೀಗಿತ್ತು: ಆಂಟಿವೈರಸ್ ಆಫ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಟ್ಟು ಓಡಿಸಿ. ಇಷ್ಟು ದಿನ ಓದಿದ್ದನ್ನು ನಂಬಿದರೆ ಪರೀಕ್ಷೆ ಬರೆಯುವಂತಿಲ್ಲ. ಪರೀಕ್ಷೆ ಬರೆಯಬೇಕಾದರೆ ಓದಿದ್ದನ್ನು ಬಿಡಬೇಕು. ಫೀಸು ಕಟ್ಟಿಯಾಗಿತ್ತು. ಆಫ್ ಮಾಡಿದೆ.

ಕಾವಲುಗಾರರು ಚಾಟ್‌ನಲ್ಲಿ ಮಾತ್ರ ಮಾತಾಡುವವರು. ಕೋಣೆಯ ನಾಲ್ಕೂ ಗೋಡೆ ತೋರಿಸಿ, ಮೇಜಿನ ಅಡಿ ತೋರಿಸಿ, ಕಿವಿ ತೋರಿಸಿ. ಕ್ಯಾಮೆರಾ ಹಿಡಿದು ಮೇಜಿನಡಿ ನುಗ್ಗಿದಾಗ ಮಗನ ಕಳೆದುಹೋದ ಒಂಟಿ ಕಾಲುಚೀಲ ಪತ್ತೆಯಾಯಿತು. ಪರೀಕ್ಷೆ ಶುರುವಾದ ಮೇಲೆ ಹೊಸ ಪೇಚು: ನಾನು ಮನಸ್ಸಿನಲ್ಲಿ ಓದುವಾಗಲೂ ತುಟಿ ಆಡಿಸುವವನು. “ದಯವಿಟ್ಟು ತುಟಿ ಅಲ್ಲಾಡಿಸಬೇಡಿ.” ತುಟಿ ಕಚ್ಚಿ ಹಿಡಿದೆ. “ಬಾಯಲ್ಲಿ ಏನಿದೆ?” ಬಾಯಿ ತೆರೆದು ತೋರಿಸಿದೆ. ಆಮೇಲೆ, ಬಳಸುವವರ ಮೇಲೆ ಗುಟ್ಟಾಗಿ ಕಣ್ಣಿಡುವ ಸ್ಪೈವೇರ್ ಬಗ್ಗೆ ಒಂದು ಪ್ರಶ್ನೆ ಬಂತು. ಅದೇನೆಂದು ಹೇಳುವಂತಿಲ್ಲ, ಗುಟ್ಟು ಬಿಡುವುದಿಲ್ಲವೆಂದು ಮೊದಲೇ ಒಪ್ಪಿಗೆ ಕೊಟ್ಟಿದ್ದೇನೆ. ಆದರೆ ಓದಿ ನನಗೆ ತಡೆಯಲಾರದ ನಗು ಬಂತು, ಉತ್ತರ ನನ್ನ ಕ್ಯಾಮೆರಾದ ದೀಪದ ರೂಪದಲ್ಲಿ ಎದುರಿಗೇ ಉರಿಯುತ್ತಿತ್ತು, “ದಯವಿಟ್ಟು ಗಂಭೀರವಾಗಿರಿ” ಎಂಬ ಸಂದೇಶವೂ ಬಂತು ಎನ್ನುವಷ್ಟಕ್ಕೆ ಅಡ್ಡಿಯಿಲ್ಲ.

ಪಾಸಾದೆ. ಆಂಟಿವೈರಸ್ ಆನ್ ಮಾಡಿ, ಕಾವಲು ಪ್ರೋಗ್ರಾಂ ತೆಗೆದುಹಾಕಿದೆ. ಮರುದಿನ ಕಂಪ್ಯೂಟರ್ ಹಚ್ಚಿದರೆ ಏನೋ ನಿಧಾನ. ಕಂಪ್ಯೂಟರ್ ಜೊತೆಗೇ ತಾವಾಗಿ ಏಳುವ ಪ್ರೋಗ್ರಾಂಗಳನ್ನು ಪಟ್ಟಿ ಮಾಡುವ ಆಟೋರನ್ಸ್ ಎಂಬ ಸಾಧನ ತೆರೆದು, ಪಾಠದಲ್ಲಿ ಹೇಳಿದ ಕ್ರಮದಲ್ಲೇ ಒಂದೊಂದು ಸಾಲು ನೋಡುತ್ತ ಬಂದೆ. ತಾನು ಹೋದೆನೆಂದು ಹೇಳಿ ಹೋಗದೆ, ಪ್ರತಿ ಸಲ ಕಂಪ್ಯೂಟರ್ ಜೊತೆಗೆ ತಾನೂ ಏಳುವಂತೆ ಸರ್ವಿಸ್ ಎಂಬ ತೆರೆಮರೆಯ ತುಣುಕೊಂದನ್ನು ಬಿಟ್ಟು ಹೋಗಿತ್ತು ಆ ಕಾವಲು ಮಹಾಶಯ. ಇದಕ್ಕೆ ಪರ್ಸಿಸ್ಟೆನ್ಸ್ ಎನ್ನುತ್ತಾರೆ, ಅದರ ಮೇಲೆ ಒಂದು ಅಧ್ಯಾಯವೇ ಇದೆ. ಹೆಂಡತಿಯನ್ನು ಕರೆದು ತೋರಿಸಿದೆ.

“ಇದಾದ್ರೂ ನಿಜವಾದ್ದಾ?” ಎಂದಳು.

“ನೂರಕ್ಕೆ ನೂರು” ಎಂದು ಡಿಲೀಟ್ ಒತ್ತಿದೆ.