ಅರ್ತ್ ಪಿನ್ ಮಾತ್ರ ಕೀಳಬೇಡಿ

ಆಂಪ್ಲಿಫೈಯರ್ ಗುಂಯ್ ಅಂದರೆ ಪ್ಲಗ್ಗಿನ ದಪ್ಪ ಅರ್ತ್ ಪಿನ್ ಕಿತ್ತರೆ ಸಾಕು ಎಂದು ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ ಸಾರ್. ಸದ್ದು ನಿಲ್ಲಬಹುದು, ಆದರೆ ಒಳಗಿನ ವೈರ್ ಆಂಪ್ಲಿಫೈಯರ್‌ನ ಲೋಹದ ಬಾಡಿಗೆ ತಾಗಿದರೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ನೆಲ, ಗೋಡೆ ಎಲ್ಲ ತೇವ. ಅಪಾಯ ಇನ್ನೂ ಜಾಸ್ತಿ ಅಲ್ವಾ?

ಮೊದಲು ಸ್ವಿಚ್ ಆಫ್ ಮಾಡಿ, ಆಂಪ್ಲಿಫೈಯರ್‌ಗೆ ಜೋಡಿಸಿದ ಟಿವಿಯ ಹಿಂದೆ, ಹೊರಗಿನಿಂದ ಬರುವ ಕೇಬಲ್ ಬಿಚ್ಚಿ ನೋಡಿ. ನಮ್ಮ ಮನೆಯಲ್ಲಿ ಹಾಗೆ ಬಿಚ್ಚಿ ಮತ್ತೆ ಆನ್ ಮಾಡಿದಾಗ 50 ಹರ್ಟ್ಸ್‌ನ (ಮನೆ ಕರೆಂಟಿನ ಕಂಪನದ) ಆ ಗುಂಯ್ ಇರಲೇ ಇಲ್ಲ. ಹೊರಗಿನಿಂದ ಬರುವ ಕೇಬಲ್‌ಗೆ ಒಂದು ಅರ್ತ್, ಆಂಪ್ಲಿಫೈಯರ್‌ಗೆ ಇನ್ನೊಂದು. ಎರಡರ ನಡುವೆ ಹರಿಯುವ ಸಣ್ಣ ಕರೆಂಟೇ ಸ್ಪೀಕರಿನಲ್ಲಿ ಕೇಳುವುದು. ಟಿವಿ, ಆಂಪ್ಲಿಫೈಯರ್ ಎರಡನ್ನೂ ಅರ್ತ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಆಡಿಯೋ ಕೇಬಲ್ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಕಡೆಯ ವೈರ್ ನೇರ ಸೇರದಂತೆ ಆಡಿಯೋ ಮಾತ್ರ ದಾಟಿಸುವ ಸಾಧನ) ಹಾಕಿಸಿ.