ಸ್ಪಷ್ಟನೆ: ದುಡಿಯುವ ಹೆಂಗಸರ ಪ್ರಮಾಣ ಕುಸಿದಿಲ್ಲ

ಓದಿದ ಹೆಣ್ಣುಮಕ್ಕಳು ಕೆಲಸ ಬಿಡುತ್ತಿರುವುದರಿಂದ ದೇಶದಲ್ಲಿ ದುಡಿಯುವ ಹೆಂಗಸರ ಪ್ರಮಾಣ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ ಎಂಬ ಸಂದೇಶವೊಂದು ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ, 15 ವರ್ಷ ಮೇಲ್ಪಟ್ಟ ಮಹಿಳೆಯರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿದೆ. ಆದರೆ ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಹಾಗಾಗಿ ಎಂ.ಟೆಕ್ ಓದಿ, ಮುಂಜಾನೆಯ ರೈಲಿನಲ್ಲಿ ಸುಮಾರು 70 ಕಿ.ಮೀ. ದೂರದ ಬೆಂಗಳೂರಿಗೆ ಓಡಾಡುತ್ತಿದ್ದು, ಹೆರಿಗೆ ರಜೆಯ 26 ವಾರ ಮುಗಿದ ಮೇಲೆ ಕೂಸನ್ನು ನೋಡಿಕೊಳ್ಳುವವರಿಲ್ಲದೆ ರಾಜೀನಾಮೆ ಕೊಡುವವರ ಕಷ್ಟವನ್ನು ಈ ಅಂಕಿ ಅಲ್ಲಗಳೆಯುವುದಿಲ್ಲ. ಶಿಶುಪಾಲನಾ ಕೇಂದ್ರ ಕಂಪನಿಯ ಮರ್ಜಿಗೆ ಬಿಟ್ಟದ್ದು ಎಂಬ, ಅದೇ ಸಂದೇಶದ ಇನ್ನೊಂದು ಮಾತೂ ತಪ್ಪು: ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಲೇ 50 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಕಡ್ಡಾಯ. ಕೂಸನ್ನು ಅದೇ ರೈಲಿನ ನೂಕುನುಗ್ಗಲಿನಲ್ಲಿ ಕರೆದೊಯ್ಯುವುದು ಹೇಗೆಂಬುದಕ್ಕೆ ಮಾತ್ರ ಕಾನೂನಿನಲ್ಲಿ ಉತ್ತರವಿಲ್ಲ.